ಲೀಲಕ್ಕ ಹುಡುಕಿಕೊಂಡು ಬಂದ ಸಂಘ

ಮೊನ್ನೆ ಗದಗದ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಒಬ್ಬಾಕೆ ಮೆಂತ್ಯೆಪಲ್ಲೆಯ ಸಿವುಡು ಬಿಚ್ಚಿ ನೀರು ಚಿಮುಕಿಸುತ್ತಿದ್ದಳು. ಆ ಹಸಿ ಕಹಿ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ನಿಂತುಬಿಟ್ಟೆ. “ಎಷ್ಟು ಸಿವುಡು ಕೊಡ್ಲಿ ಅಕ್ಕಾರ?” ಎಂದು ಆಕೆ ಎರಡು ಸಲ ಕೇಳಿದ ಮೇಲೆಯೇ ಎಚ್ಚರವಾಯಿತು. ಹತ್ತು ಹನ್ನೆರಡು ವರ್ಷಗಳ ಹಿಂದೆ, ಮುಂಡರಗಿಯ ಸಂತೆಯಲ್ಲಿ, ಜಾರ್ಜಿಯಾ ಎಂಬ ದೇಶದಿಂದ ಬಂದಿದ್ದ ಹೆಂಗಸೊಬ್ಬಳು ಇದೇ ವಾಸನೆಗೆ ಹೀಗೆಯೇ ನಿಂತಿದ್ದಳು. ಅವಳ ಅಜ್ಜಿ ಮೆಂತ್ಯೆ ಒಣಗಿಸಿ ಪುಡಿ ಮಾಡಿ ಎಲ್ಲ ಅಡುಗೆಗೂ ಹಾಕುತ್ತಿದ್ದಳಂತೆ. “ಇಷ್ಟು ದೂರ ಬಂದರೂ ಅಜ್ಜಿ ನನ್ನನ್ನು ಬಿಡಲಿಲ್ಲ ನೋಡು,” ಎಂದು ನಗುತ್ತಲೇ ಕಣ್ಣೊರೆಸಿಕೊಂಡಿದ್ದಳು. ಅವಳ ಜೊತೆ ನಾನು ಕಳೆದದ್ದು ಒಂದೇ ಮಳೆಗಾಲ. ಅದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಆಗ ನನಗೆ ಇಪ್ಪತ್ತಾರು. ಕುರ್ತಕೋಟಿಯ ಒಕ್ಕಲುತನದ ಮನೆಯವಳು. ಗದಗದಲ್ಲಿ ಬಿ.ಎ. ಮುಗಿಸಿ ಮುಂಡರಗಿಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಎರಡು ಕೋಣೆಯ ಆಫೀಸು, ಒಂದು ಬೋರ್ಡು, ಒಂದು ಹಳೆಯ ಜೀಪು. ಹಳ್ಳಿಗಳಿಗೆ ಹೋಗಿ ಹೆಂಗಸರ ಸಂಘ ಕಟ್ಟುವುದು, ಅವುಗಳ ಠರಾವು ಪುಸ್ತಕ ನೋಡಿಕೊಳ್ಳುವುದು, ತಿಂಗಳ ಕೊನೆಗೆ ವರದಿ ಕಳಿಸುವುದು ನಮ್ಮ ಕೆಲಸ. ಖರೆ ಹೇಳಬೇಕೆಂದರೆ ಠರಾವನ್ನು ನಾವೇ ಬರೆಯುತ್ತಿದ್ದೆವು, ಹೆಂಗಸರು ಸಹಿ ಮಾಡುತ್ತಿದ್ದರು. ಸಂಸ್ಥೆಗೆ ಬರುತ್ತಿದ್ದ ವಿದೇಶದ ನೆರವು ಆ ಡಿಸೆಂಬರಿಗೆ ಮುಗಿಯುವುದಿತ್ತು. ನಮ್ಮ ಸಂಯೋಜಕರು ಒಳ್ಳೆಯವರೇ, ಆದರೆ ಆ ವರ್ಷ ಅವರ ಮುಖದಲ್ಲಿ ಯಾವಾಗಲೂ ಪರೀಕ್ಷೆಗೆ ಕೂತವರ ಕಳೆ.

ಅಂಥ ಹೊತ್ತಿನಲ್ಲಿ, ಮಿರಗದ ಮಳೆ ಬಿದ್ದು ಎಲ್ಲರೂ ಹೆಸರುಕಾಳು ಬಿತ್ತುವ ಗಡಿಬಿಡಿಯಲ್ಲಿದ್ದಾಗ, ಲೇಲಾ ಬಂದಳು. ನಲವತ್ತು ದಾಟಿದವಳು, ಗಟ್ಟಿ ಮೈಕಟ್ಟು, ಭುಜದವರೆಗಿನ ಕಪ್ಪು ಕೂದಲು, ಹೊಲದಲ್ಲಿ ದುಡಿದ ಕೈ. ಅವಳ ದೇಶ ರಷ್ಯಾದ ತೆಂಕಣಕ್ಕಿದೆ, ಮೊದಲು ಸೋವಿಯತ್ ಒಕ್ಕೂಟದಲ್ಲಿತ್ತು. ಕಮ್ಯುನಿಸ್ಟ್ ಸರಕಾರ ಹೋದ ಮೇಲೆ ಅಲ್ಲಿ ಸಂಘ ಸಂಸ್ಥೆಗಳು ನಾಯಿಕೊಡೆಗಳಂತೆ ಎದ್ದವು, ಆದರೆ ಊರ ಜನ ಅವನ್ನು ನಂಬಲಿಲ್ಲ. ಜನ ಒಂದು ಸಂಘವನ್ನು ನಂಬುವುದು ಹೇಗೆ ಎಂದು ನೋಡಲು ಅವಳು ಐದು ತಿಂಗಳಿಗೆ ನಮ್ಮಲ್ಲಿಗೆ ಬಂದಿದ್ದಳು. ಅವಳಿಗೆ ದುಭಾಷಿಯಾಗಿ ನನ್ನನ್ನು ಹಚ್ಚಿದರು. ಅವಳ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಮುರುಕು. ಅದಕ್ಕೇ ನಮಗೆ ಚೆನ್ನಾಗಿ ಹೊಂದಿತು. ನಾವು ಉಣ್ಣುತ್ತಿದ್ದ ಖಾನಾವಳಿಯ ಅಜ್ಜಿ ಮೊದಲ ದಿನವೇ, “ಲೇಲಾ ಅಂದ್ರ ಲೀಲಾನ ಬಿಡ್ರಿ,” ಎಂದು ತೀರ್ಮಾನಿಸಿದಳು. ಆಮೇಲೆ ಎಲ್ಲರಿಗೂ ಅವಳು ಲೀಲಕ್ಕ.

ಸಂಯೋಜಕರು ಅವಳನ್ನು ಮೊದಲು ಕರೆದೊಯ್ದದ್ದು ಶಿರಹಟ್ಟಿ ಕಡೆಯ ಒಂದು ಊರಿಗೆ, ನಮ್ಮ ಮಾದರಿ ಸಂಘಕ್ಕೆ. ಹೆಂಗಸರು ಒಂದೇ ಬಣ್ಣದ ಸೀರೆಯಲ್ಲಿ ಸಾಲಾಗಿ ಕೂತಿದ್ದರು. ಸ್ವಾಗತಗೀತೆ ಆಯಿತು. ಒಬ್ಬೊಬ್ಬರೇ ಎದ್ದು, ಸಂಘಕ್ಕೆ ಸೇರುವ ಮೊದಲು ತಾವು ಹೇಗಿದ್ದೆವು, ಈಗ ಹೇಗಿದ್ದೇವೆ ಎಂದು ಹೇಳಿದರು. ನಾನು ಅನುವಾದ ಮಾಡುತ್ತ ಹೋದೆ. ಲೀಲಕ್ಕ ತಲೆಯಾಡಿಸುತ್ತಿದ್ದಳು, ಏನೂ ಬರೆದುಕೊಳ್ಳಲಿಲ್ಲ. ಜೀಪಿನಲ್ಲಿ ವಾಪಸು ಬರುವಾಗ ನನ್ನ ಕಿವಿಯಲ್ಲಿ ಹೇಳಿದಳು: “ಎರಡನೇ ಸಾಲಿನಲ್ಲಿ ನತ್ತು ಹಾಕಿಕೊಂಡವಳನ್ನು ನೋಡಿದೆಯಾ? ಬೇರೆಯವರು ಮಾತಾಡುವಾಗ ಅವಳ ತುಟಿ ಆಡುತ್ತಿತ್ತು. ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ಸೋವಿಯತ್ ಕಾಲದ ಶಾಲೆಯಲ್ಲಿ ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡು ನಾನೂ ಹಾಗೇ ತುಟಿ ಆಡಿಸುತ್ತಿದ್ದೆ.”

ನನಗೆ ನಾಚಿಕೆಯಾಯಿತು. ಆ ಬಾಯಿಪಾಠ ಮಾಡಿಸಿದವಳು ನಾನೇ.

ಆ ಸಂಜೆ ಖಾನಾವಳಿಯ ಕಟ್ಟೆಯ ಮೇಲೆ ಕೂತು ಅವಳು ತನ್ನ ಊರಿನ ಕಥೆ ಹೇಳಿದಳು. ಅವಳು ಚಿಕ್ಕವಳಿದ್ದಾಗ ಕೆಲವು ಶನಿವಾರ ಎಲ್ಲರೂ ಬಿಟ್ಟಿ ಕೆಲಸಕ್ಕೆ ಹೋಗಬೇಕಿತ್ತು. ರಸ್ತೆ ಗುಡಿಸುವುದು, ಗಿಡ ನೆಡುವುದು. ಅದಕ್ಕೆ ಸ್ವಇಚ್ಛೆಯ ಕೆಲಸ ಎಂದೇ ಹೆಸರು. “ಸ್ವಇಚ್ಛೆಯಿಂದ ಬರದವರ ಹೆಸರು ಬರೆದುಕೊಳ್ಳುತ್ತಿದ್ದರು,” ಎಂದು ನಕ್ಕಳು. ಮುಂದೆ ಆ ಸರಕಾರ ಹೋಯಿತು. ದೀಪವಿಲ್ಲದ, ಒಲೆಗೆ ಅನಿಲವಿಲ್ಲದ ಚಳಿಗಾಲಗಳು ಬಂದವು. ಆಗ ಯಾರಾದರೂ ಬಂದು ಎಲ್ಲರೂ ಸೇರಿ ಸ್ವಇಚ್ಛೆಯಿಂದ ಏನಾದರೂ ಮಾಡೋಣ ಎಂದರೆ ಅವಳ ತಾಯಿ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ಪಟ್ಟಣದಲ್ಲಿ ಸಂಸ್ಥೆ ಮಾಡಿಕೊಂಡವರಿಗೆ ಜನ ಇಟ್ಟ ಹೆಸರು ‘ಗ್ರ್ಯಾಂಟು ತಿನ್ನುವವರು’.

“ನಮ್ಮಪ್ಪನೂ ಹಂಗೇ ಕೇಳತಾನ,” ಎಂದು ನಾನು ಕನ್ನಡದಲ್ಲೇ ಅಂದುಬಿಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಊರಿಗೆ ಹೋದಾಗಲೆಲ್ಲ ಅಪ್ಪ, “ನಿಮ್ಮ ಸಂಸ್ಥಾ ಯಾರ ಉಪ್ಪು ತಿಂತೈತಿ? ಅವರು ಉಪ್ಪು ಕೊಡೂದು ಬಿಟ್ಟ ಮರುದಿನ ನೀವು ಎಲ್ಲಿರತೀರಿ?” ಎನ್ನುತ್ತಿದ್ದ. 

ಲೀಲಕ್ಕ, “ಯಾರೂ ಕಟ್ಟಿಸದ ಸಂಘ ಒಂದಾದರೂ ಇದ್ದರೆ ತೋರಿಸು,” ಎಂದಳು. ಅಂಥದ್ದೊಂದು ನನಗೆ ಗೊತ್ತಿರಲಿಲ್ಲ.

ಅದು ತಾನಾಗಿ ಸಿಕ್ಕಿತು, ಬಸ್ಸಿನಲ್ಲಿ. ಶ್ರಾವಣದ ಒಂದು ಬೆಳಿಗ್ಗೆ ಕೊರ್ಲಹಳ್ಳಿಯ ಕಡೆಯಿಂದ ಮುಂಡರಗಿಗೆ ಬರುತ್ತಿದ್ದೆವು. ನಮ್ಮ ಎದುರು ದಿನ ತುಂಬಿದ ಹುಡುಗಿಯೊಬ್ಬಳು, ಪಕ್ಕದಲ್ಲಿ ಐವತ್ತರ ಒಬ್ಬ ಹೆಂಗಸು. ಹೆಂಗಸಿನ ಮಡಿಲಲ್ಲಿ ಹಳೆಯ ಕೌದಿಯ ತುಂಡುಗಳಿಂದ ಹೊಲಿದ ದೊಡ್ಡ ಚೀಲ. ಬಸ್ಸು ಕುಣಿಯಲ್ಲಿ ಎತ್ತಿಹಾಕಿದಾಗಲೆಲ್ಲ ಆಕೆ ಹುಡುಗಿಯ ಬೆನ್ನಿಗೆ ಕೈ ಕೊಡುತ್ತಿದ್ದಳು.

“ಮಗಳೇನ್ರಿ?” ಎಂದು ನಾನು ಕೇಳಿದೆ.

“ಅಲ್ರೀ.”

“ಸೊಸಿ?”

“ಅಲ್ರೀ ಬಾಯಾರ. ಇಕಿ ಮ್ಯಾಲಿನ ಓಣಿಯಾಕಿ. ಈ ವಾರ ನಂದು ಪಾಳಿ.”

ಆ ಹೆಂಗಸು ಗಂಗವ್ವ. ಅವಳ ಊರು ಹೊಳೆದಂಡೆಯಲ್ಲಿ, ಬಸ್ಸು ಇಳಿದು ಒಂದು ಹಳ್ಳ ದಾಟಿ ನಡೆದು ಹೋಗಬೇಕಾದ ಸಣ್ಣ ಊರು. ಊರ ಹೆಸರು ಬರೆಯಬೇಡ ಎಂದು ಅಲ್ಲಿಯ ಹೆಂಗಸರೇ ಹೇಳಿದ್ದಾರೆ, ಅದಕ್ಕೆ ಬರೆಯುತ್ತಿಲ್ಲ. ನಾವು ಮರುವಾರವೇ ಅಲ್ಲಿಗೆ ಹೋದೆವು. ಗಂಗವ್ವನ ಪಡಸಾಲೆಯಲ್ಲಿ ಕಿತ್ತು ತಂದ ಹೆಸರುಕಾಯಿ ಹರವಿತ್ತು. ನೀಲವ್ವ ಎಂಬ ಪಕ್ಕದ ಮನೆಯಾಕೆಯೂ ಇನ್ನೂ ನಾಲ್ಕೈದು ಹೆಂಗಸರೂ ಕಾಯಿ ಬಡಿಯಲು ಬಂದಿದ್ದರು. ಕೆಲಸ ನಿಲ್ಲಿಸದೆಯೇ ಅವರು ಕಥೆ ಹೇಳಿದರು.

ಕೆಲವು ವರ್ಷಗಳ ಹಿಂದೆ ಆ ಊರಿನ ಹುಡುಗಿಯೊಬ್ಬಳು ಹೆರಿಗೆಗೆಂದು ಗಂಡನ ಜೊತೆ ಹೋಗಿ ಜೀವಂತ ತಿರುಗಿ ಬರಲಿಲ್ಲ. “ದವಾಖಾನಿಯವರದು ಏನೂ ತಪ್ಪಿಲ್ಲ. ಅವರು ಭಾಳ ಬಡದಾಡಿದ್ರಂತ. ಆದ್ರ ಕೈ ಹಿಡ್ಯಾಕ ಒಂದು ಹೆಣ್ಣುಜೀವ ಸೈತ ಇರಲಿಲ್ಲ ಬಾಜೂಕ,” ಎಂದಳು ಗಂಗವ್ವ. “ಮಣ್ಣಿಗೆ ಮಾತ್ರ ಊರಿಗೆ ಊರ ಹೋದ್ವಿ. ಆವತ್ತ ನನಗ ಅನಿಸ್ತು, ಇಷ್ಟು ಮಂದ್ಯಾಗ ಒಬ್ಬಾಕಿ ಮೊದಲ ಹೋಗಿದ್ರ?”

ಅಷ್ಟೇ ಆ ಸಂಘದ ಹುಟ್ಟು. ಚೀಲದಲ್ಲಿ ಒಗೆದ ಹಳೆಯ ಸೀರೆಗಳು, ಗಂಜಿಗೆ ಒಂದು ಫ್ಲಾಸ್ಕು, ಲೋಟ, ಒಂದು ಜೊತೆ ಚಪ್ಪಲಿ. ಚೀಲ ಯಾರ ಮನೆಯ ಗೂಟಕ್ಕೆ ತೂಗುತ್ತದೋ ಅವರದು ಆ ವಾರದ ಪಾಳಿ. ಊರಲ್ಲಿ ಯಾರಿಗೆ ನೋವು ಬಂದರೂ ಅವರು ಕೆಲಸ ಬಿಟ್ಟು ಜೊತೆಗೆ ಹೋಗಬೇಕು, ತಾಯಿ ಮಗು ಮನೆಗೆ ಬರುವವರೆಗೆ ಇರಬೇಕು. ಅವರ ಹೊಲದ ಕೆಲಸ ಉಳಿದವರು ಮಾಡಬೇಕು. ಪುಸ್ತಕವಿಲ್ಲ, ಅಧ್ಯಕ್ಷರಿಲ್ಲ, ಹೆಸರೂ ಇಲ್ಲ. ನಮ್ಮ ಜೀಪು ಆ ಊರಿನ ಹಳ್ಳ ದಾಟಿಯೇ ಇರಲಿಲ್ಲವಾದ್ದರಿಂದ ನಮ್ಮ ವರದಿಗಳಲ್ಲಿ ಆ ಊರು ‘ಸಂಘ ಇಲ್ಲದ ಊರು’.

ಲೀಲಕ್ಕ ಆ ದಿನ ಪುಟಗಟ್ಟಲೆ ಬರೆದುಕೊಂಡಳು. ಕಾಯಿಯನ್ನೂ ಬಡಿದಳು. ಕೊನೆಗೆ ಪೆನ್ನು ಮುಚ್ಚಿಟ್ಟು, ಊರ ಹೊರಗಿನ ದಲಿತರ ಕೇರಿಯ ಕಡೆ ಕೈ ಮಾಡಿ ಕೇಳಿದಳು: “ಬರುವಾಗ ಅಲ್ಲಿ ಒಬ್ಬ ಬಸುರಿ ನೀರು ಹೊರುತ್ತಿದ್ದಳು. ಈ ಚೀಲ ಅವಳ ಮನೆಗೂ ಹೋಗುತ್ತದೆಯಾ?”

ಅನುವಾದ ಮಾಡಬೇಕಾದವಳು ನಾನು. ಆ ಮಾತನ್ನು ಬೇರೆ ಏನೋ ಮಾಡಿ ಹೇಳಿಬಿಡಬಹುದಿತ್ತು. ನಾನು ಬೆಳೆದ ಮನೆಯಲ್ಲೂ ಹಿತ್ತಲ ಗೂಡಿನಲ್ಲಿ ಕೇರಿಯವರಿಗೆಂದು ಒಂದು ಲೋಟ ಬೇರೆಯೇ ಇರುತ್ತಿತ್ತು. ಯಾಕೆಂದು ನಾನು ಎಂದೂ ಕೇಳಿದವಳಲ್ಲ. ಗಂಗವ್ವ ನನ್ನನ್ನೇ ನೋಡುತ್ತಿದ್ದಳು.

“ಏನ್ ಅಂತಾಳ ಅಕಿ? ಇದ್ದದ್ದ ಇದ್ದಂಗ ಹೇಳ ತಂಗಿ. ನಿನ್ನ ಮಾರಿ ನೋಡಿದ್ರ ಸಣ್ಣ ಮಾತಲ್ಲ ಅನಸ್ತೈತಿ.”

ಹೇಳಿದೆ. ಬಡಿಯುವ ಕೋಲುಗಳು ನಿಂತವು.

“ಅವರಿಗೆ ಅವರ ಮಂದಿ ಇರತಾರ,” ಎಂದಳು ನೀಲವ್ವ.  ಹೊರಗೆ ಹನಿ ಶುರುವಾಗಿತ್ತು, ಗಂಗವ್ವ ಎದ್ದು ಅಂಗಳದಲ್ಲಿದ್ದ ಕಾಯಿ ಒಳಗೆ ತರಲು ಹೋದಳು. 

ದಾರಿಯಲ್ಲಿ ನಾನು ಲೀಲಕ್ಕನ ಮೇಲೆ ಸಿಟ್ಟಾದೆ. “ನೀನು ಐದು ತಿಂಗಳಿಗೆ ಬಂದವಳು. ಪ್ರಶ್ನೆ ಕೇಳಿ ಹೋಗಿಬಿಡುತ್ತೀ. ಅವರು ಇಲ್ಲೇ ಬಾಳಬೇಕು,” ಎಂದೆ. ಅವಳು ವಾದ ಮಾಡಲಿಲ್ಲ. “ತಪ್ಪಾಗಿದ್ದರೆ ಕ್ಷಮೆ ಕೇಳುತ್ತೇನೆ,” ಎಂದಳು. ತಪ್ಪಾಗಿತ್ತೋ ಇಲ್ಲವೋ ನನಗೂ ಗೊತ್ತಿರಲಿಲ್ಲ.

ಎಂಟು ದಿನದ ಮೇಲೆ ಗಂಗವ್ವನಿಂದ ಖಬರು ಬಂತು: “ಬರ್ರಿ. ಆ ಅಕ್ಕಾರನ್ನೂ ಕರಕೊಂಡ ಬರ್ರಿ.” ನಾವು ಹೋದಾಗ ಆಕೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಹಿಂದೆ ಮೂರು ನಾಲ್ಕು ಹೆಂಗಸರು. ನೀಲವ್ವ ಇರಲಿಲ್ಲ. ಎಲ್ಲರೂ ಕೇರಿಗೆ ನಡೆದೆವು, ದುರ್ಗವ್ವನ ಮನೆಗೆ. ನೀರು ಹೊರುತ್ತಿದ್ದ ಬಸುರಿ ಅವಳ ಸೊಸೆ. ದುರ್ಗವ್ವ ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆದು ಆಗಷ್ಟೇ ಬಂದಿದ್ದಳು, ಕೈಯೆಲ್ಲ ಎರೆಮಣ್ಣು. ಗಂಗವ್ವ ವಿಷಯ ಹೇಳಿದಳು: ಇನ್ನು ಮುಂದೆ ಕೇರಿಯ ಬಾಣಂತಿಯರ ಜೊತೆಗೂ ನಾವು ಹೋಗುತ್ತೇವೆ.

ದುರ್ಗವ್ವ ಕೈ ತೊಳೆದು ಒರೆಸಿಕೊಂಡು ನಿಧಾನ ಕೇಳಿದಳು: “ನಮ್ಮ ಬಾಣಂತಿಗೆ ನೀವು ಬರತೀರಿ. ಆತು, ಚಲೋ ಆತು. ನಿಮ್ಮ ಬಾಣಂತಿಗೆ ನಾ ಗಂಜಿ ಕೊಟ್ರ ಕುಡೀತಾಳೇನ್ರಿ? ಮೊದಲ ಅದನ್ನ ಹೇಳ್ರಿ. ನನ್ನ ಪಾಳಿ ಇಲ್ಲದ ಚೀಲ ನನಗ ಬ್ಯಾಡ.”

ಇಷ್ಟು ನೆಟ್ಟಗಿನ ಮಾತನ್ನು ನಾನು ಯಾವ ಸಭೆಯಲ್ಲೂ ಕೇಳಿರಲಿಲ್ಲ.  ಗಂಗವ್ವ ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಲೆಯ ಬಾಜೂಕೆ ಕೂತುಬಿಟ್ಟಳು.

“ಚಾ ಮಾಡ ದುರ್ಗವ್ವ. ಎಲ್ಲಾರಿಗೂ ಮಾಡು.”

ಬಾಗಿಲಲ್ಲಿ ಕೇರಿಯೇ ನೆರೆದಿತ್ತು. ಗಂಗವ್ವ ಲೋಟ ಎತ್ತಿ ಕುಡಿದಳು. ಒಬ್ಬೊಬ್ಬರಾಗಿ ಉಳಿದವರೂ ಒಳಗೆ ಬಂದರು. ನಾನೂ ಕುಡಿದೆ. ಬೆಲ್ಲದ ಚಹಾ, ಶುಂಠಿ ಹಾಕಿದ್ದಳು. ಹೊರಡುವಾಗ ಗಂಗವ್ವ ಚೀಲವನ್ನು ದುರ್ಗವ್ವನ ಗೂಟಕ್ಕೆ ತಾನೇ ತೂಗುಹಾಕಿದಳು.

ಎಲ್ಲ ಸುಸೂತ್ರವಾಯಿತು ಎಂದು ಬರೆದರೆ ಸುಳ್ಳಾದೀತು. ನೀಲವ್ವನೂ ಇನ್ನೊಬ್ಬಳೂ ಪಾಳಿ ಬಿಟ್ಟರು. ಕೆಲವು ಮನೆಗಳಲ್ಲಿ ಗಂಗವ್ವನನ್ನು ಒಳಗೆ ಕರೆಯುವುದು ನಿಂತಿತು. ಆಕೆಯ ಗಂಡ ಒಂದು ವಾರ ಮಾತು ಬಿಟ್ಟ. “ಅವ ಮಾತಾಡಿದ್ರೂ ಅಷ್ಟ, ಬಿಟ್ರೂ ಅಷ್ಟ,” ಎಂದು ಆಕೆ ನಕ್ಕಳು, ಆದರೆ ಆ ನಗೆ ನೆಟ್ಟಗಿರಲಿಲ್ಲ. ಚೀಲ ಮಾತ್ರ ಮನೆಯಿಂದ ಮನೆಗೆ ಹೋಗುತ್ತಲೇ ಇತ್ತು. ದುರ್ಗವ್ವನ ಸೊಸೆಯ ಜೊತೆ ಗಂಗವ್ವನೇ ಹೋಗಿ ಐದು ದಿನ ಇದ್ದು, ಗಂಡು ಮಗು ಎತ್ತಿಕೊಂಡು ಬಂದಳು.

ಹಸ್ತ ಮಳೆ ಹಿಡಿದದ್ದು ಆಮೇಲೆ. ಮೇಲೆಲ್ಲ ಜೋರು ಮಳೆಯಾಗಿ ತುಂಗಭದ್ರೆ ದಂಡೆ ಮೀರಿದಳು, ಊರ ಮುಂದಿನ ಹಳ್ಳಕ್ಕೆ ಹೊಳೆಯ ನೀರು ಹಿಂದೊತ್ತಿ ಕೆರೆಯಂತೆ ನಿಂತಿತು. ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಗಂಗವ್ವನ ಫೋನು: “ನೀಲವ್ವನ ಮಗಳು ರೇಣುಕಾಗ ಬ್ಯಾನಿ ಶುರುವಾಗ್ಯಾವ. ಜಲ್ದಿ ಗಾಡಿ ತರಸ್ರಿ.” ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿ. ನಾನೂ ಲೀಲಕ್ಕನೂ ಅಂಬುಲೆನ್ಸ್ ಹತ್ತಿ ಹೋದೆವು. ಹಳ್ಳದ ಈಚೆಗೇ ಗಾಡಿ ನಿಲ್ಲಬೇಕಾಯಿತು.

ಆಚೆ ದಂಡೆಯಲ್ಲಿ ಜನ ಕಾಣುತ್ತಿದ್ದರು. ಮೀನು ಹಿಡಿಯುವವನೊಬ್ಬ ಹರಗೋಲು ತಂದಿದ್ದ. ಅವನನ್ನು ಬಿಟ್ಟರೆ ಅದರಲ್ಲಿ ಇಬ್ಬರಿಗಷ್ಟೇ ಜಾಗ. ರೇಣುಕಾಳನ್ನು ಎತ್ತಿ ಕೂಡಿಸಿದರು. ನೀಲವ್ವ ಹತ್ತಲು ಮುಂದೆ ಬಂದವಳು ನಿಂತಳು. ಜನ ಸರಿದು ದಾರಿ ಬಿಟ್ಟರು. ನಡುವಿನಿಂದ ದುರ್ಗವ್ವ ಬಂದಳು, ನೆನೆಯದಂತೆ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು. ಆ ವಾರದ ಪಾಳಿ ಅವಳದಾಗಿತ್ತು. ಏನು ಮಾತಾಯಿತೋ ನಮಗೆ ಕೇಳಲಿಲ್ಲ. ದುರ್ಗವ್ವ ಹರಗೋಲಿಗೆ ಹತ್ತಿ ಕೂತದ್ದು, ರೇಣುಕಾ ಅವಳ ತೊಡೆಯ ಮೇಲೆ ತಲೆಯಿಟ್ಟದ್ದು, ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ದಂಡೆಯಲ್ಲೇ ಉಳಿದದ್ದು, ಇಷ್ಟು ಕಂಡಿತು. ಹರಗೋಲು ತಿರುತಿರುಗಿ ಬರುತ್ತಿದ್ದರೆ ಲೀಲಕ್ಕ ನನ್ನ ಮುಂಗೈಯನ್ನು ಗುರುತು ಬೀಳುವಂತೆ ಹಿಡಿದಿದ್ದಳು.

ಆಚೆ ದಂಡೆಯಲ್ಲಿ ಏನಾಯಿತೆಂದು ಆಮೇಲೆ ಗಂಗವ್ವ ಹೇಳಿದಳು. ಯಾರು ಹತ್ತುವುದೆಂದು ಗಲಿಬಿಲಿಯಾದಾಗ ರೇಣುಕಾ ಹರಗೋಲಿನಿಂದಲೇ ಕೂಗಿದ್ದಳಂತೆ: “ಅವ್ವಾ, ನೀ ಅಳಾಕತ್ತೀ. ನೀ ಬ್ಯಾಡ. ಚೀಲ ಯಾರ ಕೈಯಾಗ ಐತೋ ಅವರ ಬರಲಿ.”

ಮುಂಡರಗಿಯ ದವಾಖಾನೆಯಲ್ಲಿ ಸಂಜೆಯೊಳಗೆ ಹೆಣ್ಣುಮಗು ಹುಟ್ಟಿತು. ದುರ್ಗವ್ವ ಫ್ಲಾಸ್ಕಿನಿಂದ ಗಂಜಿ ಬಗ್ಗಿಸಿ, ಊದಿ, ಲೋಟ ಹಿಡಿದಳು. ರೇಣುಕಾ ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ನೀರು ಇಳಿದ ಮೇಲೆ, ಮರುದಿನ ಮಧ್ಯಾಹ್ನ, ನೀಲವ್ವ ಬಂದಳು. ಮೊಮ್ಮಗಳನ್ನು ನೋಡಿದಳು, ಮಗಳ ತಲೆ ಸವರಿದಳು. ಆಮೇಲೆ ದುರ್ಗವ್ವನ ಎದುರು ನಿಂತು ಏನು ಹೇಳಬೇಕೆಂದು ತಿಳಿಯದೆ, “ಏನರ ತಿಂದಿಯೇನ?” ಎಂದಳು. ಇಲ್ಲವೆಂದಳು ದುರ್ಗವ್ವ. ನೀಲವ್ವ ಬುತ್ತಿಯ ಗಂಟು ಬಿಚ್ಚಿ, ರೊಟ್ಟಿ, ಶೇಂಗಾ ಚಟ್ನಿ ಹರವಿದಳು. ಇಬ್ಬರೂ ವರಾಂಡದ ಮೂಲೆಯಲ್ಲಿ ಒಂದೇ ಅರಿವೆಯ ಮೇಲಿನಿಂದ ಉಂಡರು. ಆ ಮುಂದಿನ ಪಾಳಿಯನ್ನು ನೀಲವ್ವ ತಾನೇ ಕೇಳಿ ತೆಗೆದುಕೊಂಡಳು. ಬಿಟ್ಟುಹೋದ ಇನ್ನೊಬ್ಬಳು ಮಾತ್ರ ಬರಲೇ ಇಲ್ಲ.

ದೀಪಾವಳಿ ಮುಗಿಸಿಕೊಂಡು ಲೀಲಕ್ಕ ಹೊರಟಳು. ಗದಗ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಅವಳು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. “ನಮ್ಮಲ್ಲಿ ಬರದವರ ಹೆಸರು ಬರೆಯುತ್ತಿದ್ದರು. ಇವರು ಬಂದವರ ಹೆಸರನ್ನೂ ಬರೆಯುವುದಿಲ್ಲ. ಇದನ್ನು ನಾನು ಯಾವ ವರದಿಯಲ್ಲಿ ಬರೆಯಲಿ?”

ಡಿಸೆಂಬರಿನಲ್ಲಿ ನಮ್ಮ ಸಂಸ್ಥೆ ಮುಚ್ಚಿತು. ಅಪ್ಪ ಹೇಳಿದಂತೆಯೇ ಆಯಿತು. ನಾವು ಕಟ್ಟಿದ ಸಂಘಗಳಲ್ಲಿ ಕೆಲವು ಬದುಕಿದವು, ಬಹಳಷ್ಟು ನಮ್ಮ ಜೀಪಿನ ಜೊತೆಗೇ ಹೋದವು. ನಾನು ಗದಗದ ಕಾಲೇಜೊಂದರ ಆಫೀಸಿಗೆ ಸೇರಿಕೊಂಡೆ.

ಲೀಲಕ್ಕನಿಂದ ಒಂದು ವರ್ಷ ಸುದ್ದಿಯಿರಲಿಲ್ಲ. ಆಮೇಲೆ ಫೋನಿಗೆ ಉದ್ದುದ್ದ ಸಂದೇಶಗಳು ಬರತೊಡಗಿದವು. ಊರಿಗೆ ಮರಳಿ ಅವಳೂ ಇನ್ನಿಬ್ಬರು ಹೆಂಗಸರೂ ಸೇರಿ, ಮಗು ಹುಟ್ಟಿದ ಮನೆಗೆ ಚಳಿಗಾಲದಲ್ಲಿ ಕಟ್ಟಿಗೆ ಒಡೆದು ಕೊಡುವುದು, ರೊಟ್ಟಿ ಸುಟ್ಟು ಒಯ್ಯುವುದು ಶುರುಮಾಡಿದ್ದರು. ಮೊದಲ ಚಳಿಗಾಲ ಯಾರೂ ಬಾಗಿಲು ತೆರೆಯಲಿಲ್ಲವಂತೆ. ಓಟು ಕೇಳಲು ಬಂದವರೆಂದುಕೊಂಡರು. ಇವರು ರೊಟ್ಟಿಯನ್ನು ಹೊಸ್ತಿಲಲ್ಲಿಟ್ಟು ಬರುತ್ತಿದ್ದರು. ಎರಡನೇ ಚಳಿಗಾಲದಲ್ಲಿ ಒಂದು ಬಾಗಿಲು ತೆರೆಯಿತು. ಅವಳ ತಾಯಿಯದು! ಪಕ್ಕದ ಮನೆಯ ಬಾಣಂತಿಗೆ ರೊಟ್ಟಿ ಇಟ್ಟು ಬರುವಾಗ ಮುದುಕಿ ಹೊರಬಂದು, ನಿನ್ನ ಹಿಟ್ಟು ಸರಿ ನಾದಿಲ್ಲ ಎಂದು ಬೈದು, ತಾನೇ ನಾದಲು ಕೂತಳಂತೆ. ಈಗ ಅವರು ಹತ್ತಾರು ಮಂದಿ. ಊರವರು ಅವರನ್ನು ‘ಇಂಡಿಯಾದವರು’ ಎನ್ನುತ್ತಾರಂತೆ. ಇದನ್ನು ಗಂಗವ್ವನಿಗೆ ಹೇಳಿದಾಗ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಕಳೆದ ವರ್ಷ ನಾನು ಆ ಊರಿಗೆ ಹೋದಾಗ ಗಂಗವ್ವನಿಗೆ ಮೊಣಕಾಲು ಹಿಡಿದಿತ್ತು. ಯಾರೋ ಅಧಿಕಾರಿಗಳು ಬಂದು, ಸಂಘಕ್ಕೆ ಹೆಸರಿಟ್ಟು ನೋಂದಣಿ ಮಾಡಿಸಿದರೆ ಬಹುಮಾನ ಕೊಡಿಸುತ್ತೇವೆ ಎಂದಿದ್ದರಂತೆ.

“ಏನಂದ್ರಿ?” ಎಂದು ಕೇಳಿದೆ.

“ಹೆಸರಿಟ್ರ ಫೋಟೋ ತಗೀತಾರ. ಫೋಟೋದಾಗ ಮುಂದ ಯಾರ ನಿಂದ್ರಬೇಕು ಅನ್ನೂದಕ್ಕ ಜಗಳ ಅಕ್ಕೈತಿ. ಬ್ಯಾಡ್ರಿ ಅಂದ್ವಿ,” ಎಂದು ಪಕ್ಕದಲ್ಲಿ ಕೂತಿದ್ದ ದುರ್ಗವ್ವ ಹೇಳಿದಳು. ಈಗ ಪಾಳಿ ಹಚ್ಚುವವಳು ಅವಳೇ. ಹೊರಡುವಾಗ ನನ್ನನ್ನು ತಡೆದು ಕೇಳಿದಳು: “ಬಾಯಾರ, ನಿಮ್ಮ ಮನಿ ಗದಗ ದವಾಖಾನಿಗೆ ಸಮೀಪ ಐತಲ್ಲ?”

“ಐತಿ.”

“ಹಂಗಾರ ಗದಗದ ಪಾಳಿ ನಿಮ್ದು.”

ಹೌದು ಎನ್ನಲು ನನಗೆ ಒಂದು ಗಳಿಗೆ ಬೇಕಾಯಿತು. ಅಷ್ಟು ವರ್ಷ ನಾನು ಅವರನ್ನು ಕಂಡು ಮೆಚ್ಚಿದ್ದೆ, ಬೇರೆಯವರ ಮುಂದೆ ಹೊಗಳಿದ್ದೆ. ಒಂದು ದಿನವೂ ಅವರ ಕೆಲಸ ಮಾಡಿರಲಿಲ್ಲ.

ಎರಡು ತಿಂಗಳಲ್ಲಿ ಕರೆ ಬಂತು. ಅನಸೂಯಾ ಎಂಬ ಹುಡುಗಿಯನ್ನು ಮುಂಡರಗಿಯಿಂದ ಗದಗಕ್ಕೆ ಕಳಿಸಿದ್ದಾರೆ, ಜೊತೆಗೆ ಬಂದ ಗಂಡ ಔಷಧಿ, ಕಾಗದ ಎಂದು ಓಡಾಡುತ್ತಿದ್ದಾನೆ, ಗಾಡಿಯಲ್ಲಿ ಜಾಗ ಸಿಗದೆ ಹಿಂದುಳಿದ ಪಾಳಿಯಾಕೆ ಬಸ್ಸಿನಲ್ಲಿ ತಲುಪುವುದು ತಡ. ನಾನು ಅರ್ಧ ದಿನದ ರಜೆ ಬರೆದುಕೊಟ್ಟು, ಮನೆಯಿಂದ ಗಂಜಿ ಮಾಡಿಕೊಂಡು ಓಡಿದೆ. ಹುಡುಗಿಯನ್ನು ನಾನು ಎಂದೂ ನೋಡಿರಲಿಲ್ಲ. ಬೆವೆತ ಮುಖ, ಹೆದರಿದ ಕಣ್ಣು. ಕೈ ಚಾಚಿದೆ. ಅವಳು ಎರಡೂ ಕೈಯಿಂದ ಹಿಡಿದುಕೊಂಡಳು.

ಸಿಸ್ಟರು ಕಾಗದ ಹಿಡಿದುಕೊಂಡು ಬಂದರು. “ಪೇಶಂಟಿಗೆ ನೀವು ಏನಾಗಬೇಕ್ರಿ?”

 ನಾನು ಬಂಧುವಲ್ಲ, ಗುರುತಿನವಳೂ ಅಲ್ಲ. ಯಾವ ಸಂಸ್ಥೆಯ ಹೆಸರು ಹೇಳಲೂ ಇರಲಿಲ್ಲ.

ಅನಸೂಯಾ ನೋವಿನ ನಡುವೆಯೇ ತಲೆಯೆತ್ತಿದಳು.

“ನಮ್ಮೂರಾಕೀರಿ ಅಕಿ,” ಎಂದಳು.